ಕೋಟಿಯ ಭಾಜಕಗಳು, ನೂರೆಂಟರ ಭಾಗಗಳು

ಒಂದು ಕೋಟಿ ಎಂದರೆ ಒಂದರ ಮುಂದೆ ಏಳು ಸೊನ್ನೆ; ಏಳು ಹತ್ತುಗಳ ಗುಣಲಬ್ಧ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ವು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಡುತ್ತದೆ. ಅವುಗಳಲ್ಲಿ ಕೋಟಿಯದು ಎಂಟನೆಯದು. ಅದರಾಚೆ ಇನ್ನೂ ಹದಿನಾರು ಸ್ಥಾನಗಳಿದ್ದರೂ ಜನರ ಮಾತು ಅಷ್ಟು ದೂರ ಹೋಗುವುದಿಲ್ಲ. ಕೋಟಿ ನಮಸ್ಕಾರ, ಕೋಟಿಗೊಬ್ಬ, ಮುಕ್ಕೋಟಿ ದೇವತೆಗಳು, ಕೋಟಿ ಕೊಟ್ಟರೂ ಬೇಡ – ದೊಡ್ಡದನ್ನು ಹೇಳಬೇಕಾದಾಗ ನಾಲಿಗೆಗೆ ಸಿಗುವುದು ಇದೇ. ಹೇಳುವವರು ಸಾವಿರಾರು, ಎಣಿಸಿ ನೋಡುವವರು ವಿರಳ.

ಕೋಲಾರ ಜಿಲ್ಲೆಯಲ್ಲಿ ಈ ಸಂಖ್ಯೆಗೂ ಕಲ್ಲಿಗೂ ನಂಟಿದೆ. ಕೆಜಿಎಫ್ ಬಳಿಯ ಕಮ್ಮಸಂದ್ರದಲ್ಲಿ ಸ್ವಾಮಿ ಸಾಂಬಶಿವಮೂರ್ತಿಗಳು 1980ರಲ್ಲಿ ಆರಂಭಿಸಿದ ಕೋಟಿಲಿಂಗೇಶ್ವರ ಕ್ಷೇತ್ರದ ಸಂಕಲ್ಪವೇ ಕೋಟಿ ಲಿಂಗಗಳ ಪ್ರತಿಷ್ಠೆ. ಭಕ್ತರು ತಮ್ಮ ತಮ್ಮ ಹೆಸರಿನಲ್ಲಿ ಲಿಂಗ ಕೂರಿಸುತ್ತ ಬಂದಿದ್ದಾರೆ. ಸಾಲು ಸಾಲು ಲಿಂಗಗಳ ನಡುವೆ 108 ಅಡಿಯ ಮಹಾಲಿಂಗ, ಅದರ ಜೊತೆಗೆ 35 ಅಡಿಯ ಬಸವಣ್ಣ. ಅದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಕೃಷ್ಣಶಿಲೆಯ ವಿಗ್ರಹಕ್ಕೂ ಪಂಚಲೋಹದ ಮೂರ್ತಿಗೂ ಹೆಸರಾದದ್ದು. ಒಂದೂರಿನಲ್ಲಿ ಕಲ್ಲನ್ನು ಎಣಿಸುವ ಲೆಕ್ಕ, ಇನ್ನೊಂದೂರಿನಲ್ಲಿ ಕಲ್ಲನ್ನು ಭಾಗ ಮಾಡುವ ಲೆಕ್ಕ. ಪೂರ್ಣಾಂಕವೊಂದು ಎಷ್ಟು ದೊಡ್ಡದು ಎಂಬುದನ್ನು ಎಣಿಕೆ ಹೇಳುತ್ತದೆ. ಅದರ ಗುಣ ಏನೆಂಬುದನ್ನು ಭಾಗಾಕಾರ ಹೇಳುತ್ತದೆ.

ಯಾವ ಸಂಖ್ಯೆಯ ಕುಲಗೋತ್ರ ವಿಚಾರಿಸಬೇಕಾದರೂ ಮೊದಲು ಅದನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಬೇಕು. ಹತ್ತನ್ನು ಒಡೆದರೆ ಎರಡು ಮತ್ತು ಐದು. ಹಾಗಾಗಿ ಕೋಟಿಯನ್ನು ಒಡೆದರೆ ಏಳು ಎರಡುಗಳು, ಏಳು ಐದುಗಳು. ಗಣಿತದ ಬರವಣಿಗೆಯಲ್ಲಿ 2⁷ × 5⁷. ಬರೆಯುವ ಕ್ರಮ ಬದಲಾದೀತು, ಆದರೆ ಒಡೆಯುವ ದಾರಿ ಇದೊಂದೇ. ಪ್ರತಿಯೊಂದು ಪೂರ್ಣಾಂಕಕ್ಕೂ ಹೀಗೆ ಒಂದೇ ಒಂದು ಒಡೆತವಿದೆ ಎಂಬುದನ್ನು ಜರ್ಮನಿಯ ಗೌಸ್ 1801ರಲ್ಲಿ ಕರಾರುವಾಕ್ಕಾಗಿ ಸಾಧಿಸಿ ತೋರಿಸಿದ. ಮಿಕ್ಕೆಲ್ಲ ಲಕ್ಷಣಗಳೂ ಈ ಒಂದು ಸಾಲಿನಿಂದಲೇ ಹೊರಡುತ್ತವೆ.

ಮೊದಲನೆಯದು ಭಾಜಕಗಳ ಎಣಿಕೆ. ಕೋಟಿಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯಲ್ಲಿ ಎರಡು ಎಷ್ಟು ಸಲವಾದರೂ ಇರಬಹುದು, ಸೊನ್ನೆಯಿಂದ ಏಳರವರೆಗೆ. ಅಂದರೆ ಎಂಟು ಆಯ್ಕೆ. ಐದಕ್ಕೂ ಹಾಗೆಯೇ ಎಂಟು. ಎಂಟೆಂಟಲೆ ಅರವತ್ತನಾಲ್ಕು. ಕೋಟಿಗೆ ಒಂದನ್ನೂ ತನ್ನನ್ನೂ ಸೇರಿಸಿ ಸರಿಯಾಗಿ 64 ಭಾಜಕಗಳು. ಕೋಟಿ ಲಿಂಗಗಳನ್ನು ಒಂದು ದೊಡ್ಡ ಬಯಲಿನಲ್ಲಿ ಸಮಸಾಲುಗಳಾಗಿ ಕೂರಿಸುವುದಾದರೆ, ಆಯತದ ಉದ್ದ ಒಂದು ಭಾಜಕ, ಅಗಲ ಅದರ ಜೋಡಿ ಭಾಜಕ. ಹೀಗಾಗಿ 32 ಬಗೆಯ ಆಯತಗಳು ಸಿಗುತ್ತವೆ. ಅವುಗಳಲ್ಲಿ ಒಂದು ಒಂದೇ ಸಾಲಿನ ಕೋಟಿ ಲಿಂಗ. ಅದು ಮೆರವಣಿಗೆಗೂ ಉದ್ದವಾಯಿತು. ತೀರಾ ಚೊಕ್ಕವಾದದ್ದು 3,125 ಸಾಲು, ಸಾಲಿಗೆ 3,200. ನೋಡುವವರಿಗೆ ಅದು ಚೌಕದಂತೆಯೇ ಕಂಡೀತು, ಆದರೆ ಚೌಕವಲ್ಲ. ಪೂರ್ಣವರ್ಗವಾಗಬೇಕಾದರೆ ಎರಡೂ ಐದೂ ಸಮಸಂಖ್ಯೆಯಲ್ಲಿ ಬರಬೇಕು; ಇಲ್ಲಿ ಏಳೇಳು ಬಂದಿವೆ. 3,162ರ ವರ್ಗ ಕೋಟಿಗೆ 1,756 ಕಡಿಮೆ, 3,163ರ ವರ್ಗ 4,569 ಹೆಚ್ಚು.

ಒಂದು ಚೌಕ ಆಗದಿದ್ದರೆ ಎರಡು ಚೌಕ ಆದೀತೆ? ಆಗುತ್ತದೆ, ಅದೂ ನಾಲ್ಕು ವಿಧದಲ್ಲಿ. ನಾಲ್ಕರಿಂದ ಭಾಗಿಸಿದಾಗ ಮೂರು ಉಳಿಯುವ ಅವಿಭಾಜ್ಯಗಳು (3, 7, 11 ಮುಂತಾದವು) ಯಾವ ಸಂಖ್ಯೆಯಲ್ಲಿ ಬೆಸಸಲ ಬರುವುದಿಲ್ಲವೋ ಅದು ಎರಡು ವರ್ಗಗಳ ಮೊತ್ತ ಎಂಬುದು ಫರ್ಮಾನ ಕಾಲದಿಂದ ಬಂದ ನಿಯಮ. ಕೋಟಿಯಲ್ಲಿ ಅಂಥವು ಒಂದೂ ಇಲ್ಲ. ಸುಲಭದ ಜೋಡಿ ಕಣ್ಣಿಗೆ ಬೀಳುವುದೇ: 3,000ದ ವರ್ಗ 90 ಲಕ್ಷ, 1,000ದ ವರ್ಗ 10 ಲಕ್ಷ. ಎರಡನೆಯದು 2,600 ಮತ್ತು 1,800. ಮೂರನೆಯದು 3,160 ಮತ್ತು 120. ನಾಲ್ಕನೆಯದು ಮಾತ್ರ ಸೊನ್ನೆಗಳ ಸುಳಿವೇ ಕೊಡದಂಥದು: 2,456ರ ವರ್ಗ 60,31,936, 1,992ರ ವರ್ಗ 39,68,064, ಕೂಡಿದರೆ ಒಂದು ರೂಪಾಯಿಯೂ ಆಚೀಚೆ ಆಗದೆ ಒಂದು ಕೋಟಿ. ಇನ್ನೊಂದು ಜೋಡಿ ಹುಡುಕಿದರೂ ಸಿಗುವುದಿಲ್ಲ.

ಸೊನ್ನೆಗಳ ವಿಷಯದಲ್ಲಿ ಕೋಟಿಗೆ ಒಂದು ಅಪರೂಪದ ಗುಣವಿದೆ. ಏಳು ಸೊನ್ನೆಯ ಈ ಸಂಖ್ಯೆಯನ್ನು ಸೊನ್ನೆಯೇ ಇಲ್ಲದ ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆಯಬಹುದು: 128 × 78,125. ಎರಡುಗಳೆಲ್ಲ ಒಂದು ಕಡೆ, ಐದುಗಳೆಲ್ಲ ಇನ್ನೊಂದು ಕಡೆ. ಒಂದೇ ಒಂದು ಎರಡು ದಾರಿ ತಪ್ಪಿ ಐದಿನ ಜೊತೆ ಸೇರಿದರೂ ಹತ್ತು ಹುಟ್ಟಿ ಕೊನೆಗೆ ಸೊನ್ನೆ ಬಂದು ಕೂರುತ್ತದೆ. ಆದ್ದರಿಂದ ಈ ಜೋಡಿಯೂ ಒಂದೇ. ಹತ್ತು ಕೋಟಿಗೆ ಈ ಭಾಗ್ಯವಿಲ್ಲ. ಐದರ ಎಂಟನೆಯ ಘಾತ 3,90,625. ಅದರ ಹೊಟ್ಟೆಯಲ್ಲೇ ಒಂದು ಸೊನ್ನೆ ಇದೆ. ಹತ್ತರಿಂದ ಕೋಟಿಯವರೆಗಿನ ಎಲ್ಲ ಸ್ಥಾನಗಳಿಗೂ ಈ ಗುಣವಿದೆ. ಆಮೇಲೆ ನೂರು ಕೋಟಿಗೆ, ಹದಿನೆಂಟು ಸೊನ್ನೆಯ ಸಂಖ್ಯೆಗೆ, ಮೂವತ್ಮೂರು ಸೊನ್ನೆಯ ಸಂಖ್ಯೆಗೆ ಬರುತ್ತದೆ. ಅದರ ಮುಂದಿನದು ಈವರೆಗೆ ಯಾರಿಗೂ ಸಿಕ್ಕಿಲ್ಲ.

ಇನ್ನು ವರ್ಗೀಕರಣ. ಒಂದು ಸಂಖ್ಯೆಯನ್ನು ಬಿಟ್ಟು ಉಳಿದ ಅದರ ಭಾಜಕಗಳನ್ನೆಲ್ಲ ಕೂಡಿಸಿದಾಗ ಬರುವ ಮೊತ್ತ ಆ ಸಂಖ್ಯೆಗೆ ಸಮವಾದರೆ ಅದು ಪರಿಪೂರ್ಣ, ಹೆಚ್ಚಾದರೆ ಸಮೃದ್ಧ, ಕಡಿಮೆಯಾದರೆ ನ್ಯೂನ. ಗ್ರೀಕರ ಕಾಲದಿಂದ ನಡೆದುಬಂದ ವಿಂಗಡಣೆ ಇದು. ಆರು ಪರಿಪೂರ್ಣ: ಒಂದು, ಎರಡು, ಮೂರು ಕೂಡಿದರೆ ಆರು. ಕೋಟಿಯ ಮಿಕ್ಕ 63 ಭಾಜಕಗಳನ್ನು ಕೂಡಿದರೆ 1,49,02,280. ಆದ್ದರಿಂದ ಕೋಟಿ ಸಮೃದ್ಧ ಸಂಖ್ಯೆ. ಹೆಸರಿಗೆ ತಕ್ಕ ಗುಣ. ಅದರ ನೆರೆಹೊರೆಯವರು ಅಷ್ಟು ಅನುಕೂಲಸ್ಥರಲ್ಲ. ಕೋಟಿಗೆ ಒಂದು ಕಡಿಮೆಯಾದ 99,99,999ನ್ನು ಒಡೆದರೆ 9, 239, 4,649. ಒಂದು ಹೆಚ್ಚಾದ 1,00,00,001ನ್ನು ಒಡೆದರೆ 11 ಮತ್ತು 9,09,091. ಕೋಟಿಯೊಳಗೆ 6,64,579 ಅವಿಭಾಜ್ಯ ಸಂಖ್ಯೆಗಳಿವೆ. ಅವುಗಳಲ್ಲಿ ಕಟ್ಟಕಡೆಯದು 99,99,991. ಕೋಟಿ ದಾಟಿದ ಮೇಲೆ ಸಿಗುವ ಮೊದಲನೆಯದು 1,00,00,019.

ಇಷ್ಟೆಲ್ಲ ಇದ್ದೂ ಕೋಟಿಗೆ ಒಂದು ಕೊರತೆ: ಅದರಲ್ಲಿ ಮೂರು ಇಲ್ಲ. ಅಂಕಿಗಳನ್ನು ಕೂಡಿದರೆ ಒಂದು. ಮೂರರಿಂದಲೂ ಭಾಗವಾಗುವುದಿಲ್ಲ, ಒಂಬತ್ತರಿಂದಲೂ ಇಲ್ಲ. ಕೋಟಿ ರೂಪಾಯಿಯನ್ನು ಮೂವರು ಅಣ್ಣತಮ್ಮಂದಿರಿಗೆ ಸಮವಾಗಿ ಹಂಚಲು ಹೋದರೆ ಒಂದು ರೂಪಾಯಿ ಉಳಿದು ಅದಕ್ಕಾಗಿ ಪಂಚಾಯಿತಿ ಸೇರಬೇಕಾದೀತು. ಕೋಟಿ ಲಿಂಗಗಳನ್ನು ಸಾಲಿಗೆ ನೂರೆಂಟರಂತೆ ಕೂರಿಸಿದರೆ 92,592 ಸಾಲುಗಳು ತುಂಬಿ 64 ಲಿಂಗಗಳು ಉಳಿಯುತ್ತವೆ. ಭಾಜಕಗಳ ಎಣಿಕೆಯೂ 64, ಈ ಶೇಷವೂ 64. ಇದು ಬರೀ ಕಾಕತಾಳೀಯ.

ನೂರೆಂಟು ಬೇರೆ ಜಾತಿಯ ಸಂಖ್ಯೆ. ಒಡೆದರೆ ಎರಡು ಎರಡುಗಳು, ಮೂರು ಮೂರುಗಳು: 2² × 3³. ಭಾಜಕಗಳು ಹನ್ನೆರಡು. ತನ್ನನ್ನು ಬಿಟ್ಟ ಭಾಜಕಗಳ ಮೊತ್ತ 172, ಆದ್ದರಿಂದ ಇದೂ ಸಮೃದ್ಧ. ಕಮ್ಮಸಂದ್ರದ ಲಿಂಗದ 108 ಅಡಿಗಳನ್ನು ಅಂಗುಲದ ಲೆಕ್ಕಕ್ಕೆ, ಅಂದರೆ ಇಂಚಿಗೆ ಇಳಿಸಿದರೆ 1,296 ಬರುತ್ತದೆ. ಅದು 36ರ ವರ್ಗ; ನಾಲ್ಕು ಆರುಗಳ ಗುಣಲಬ್ಧ. ಅಡಿಯಲ್ಲಿ ಹನ್ನೆರಡು ಇಂಚುಗಳಿರುವುದರಿಂದ ಒದಗಿದ ಸೊಗಸು ಇದು. ಮೀಟರಿನಲ್ಲಿ ಅದೇ ಎತ್ತರ ಸುಮಾರು 32.92 ಎಂದು ಚೂರುಚೂರಾಗುತ್ತದೆ.

ಶಿವಾರಪಟ್ಟಣದಂಥ ಊರಿನಲ್ಲಿ ನೂರೆಂಟಕ್ಕೆ ಜಪಮಾಲೆಯ ಆಚೆಗೂ ಕೆಲಸವಿದೆ. ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಮುಖದ ಉದ್ದ ಒಂದು ತಾಳ, ತಾಳಕ್ಕೆ ಹನ್ನೆರಡು ಅಂಗುಲ, ಅಂಗುಲಕ್ಕೆ ಎಂಟು ಯವ. ಒಂಬತ್ತು ತಾಳದ ಮೂರ್ತಿ ನವತಾಳ, ಅಂದರೆ 108 ಅಂಗುಲ. ಈ ಅಂಗುಲ ಅಂಗಡಿಯ ಅಳತೆಪಟ್ಟಿಯದಲ್ಲ. ಮೂರ್ತಿ ಗೇಣುದ್ದವಿರಲಿ, ಆಳೆತ್ತರವಿರಲಿ, ಅದರ ಎತ್ತರವನ್ನು 108 ಭಾಗ ಮಾಡಿದಾಗ ಬರುವ ಒಂದು ಭಾಗವೇ ಆ ಮೂರ್ತಿಯ ದೇಹಾಂಗುಲ. ನಾಲ್ಕೂವರೆ ಅಡಿಯ ಮೂರ್ತಿಗೆ ಅದು ಅರ್ಧ ಇಂಚು. ಮೂರಡಿಯದಕ್ಕೆ ಇಂಚಿನ ಮೂರನೇ ಒಂದು ಪಾಲು.

ಮಟ್ಟ ಮಾಡಿದ ಕಲ್ಲಿನ ಮೇಲೆ ನಡುವಿಗೆ, ಮೇಲಿಂದ ಕೆಳಕ್ಕೆ ಒಂದು ಗೆರೆ ಬೀಳುತ್ತದೆ, ಅದು ಬ್ರಹ್ಮಸೂತ್ರ. ಆ ಗೆರೆಯನ್ನು ಅಡ್ಡಗೆರೆಗಳು ಕತ್ತರಿಸುತ್ತ ಇಳಿಯುತ್ತವೆ. ಮುಖಕ್ಕೆ 12 ಅಂಗುಲ, ಕೊರಳಿಗೆ 4, ಕೊರಳಿಂದ ಎದೆಗೆ 12, ಎದೆಯಿಂದ ಹೊಕ್ಕುಳಿಗೆ 12, ಹೊಕ್ಕುಳಿಂದ ಕೆಳಹೊಟ್ಟೆಯ ಕೊನೆಗೆ 12, ತೊಡೆಗೆ 24, ಮಂಡಿಗೆ 4, ಮಂಡಿಯ ಕೆಳಗಿನ ಕಾಲಿಗೆ 24, ಪಾದಕ್ಕೆ 4. ಕೂಡಿದರೆ 108. ಇವೆಲ್ಲವೂ ನಾಲ್ಕರ ಮಗ್ಗಿಯಲ್ಲಿ ಬರುವವು. ನಾಲ್ಕು ಅಂಗುಲವನ್ನು ಒಂದು ಘಟಕ ಮಾಡಿಕೊಂಡರೆ ದೇಹವೆಲ್ಲ 3, 1, 3, 3, 3, 6, 1, 6, 1 ಎಂದು 27 ಘಟಕಗಳಲ್ಲಿ ಮುಗಿಯುತ್ತದೆ. ಒಂದು, ಮೂರು, ಆರು – ಮೂರೇ ಅಳತೆಗಳು. ಕೊರಳು, ಮಂಡಿ, ಪಾದ ಒಂದೇ ಅಳತೆಯವು. ತೊಡೆಯೂ ಮಂಡಿಯ ಕೆಳಗಿನ ಕಾಲೂ ಸಮ. ಕೈವಾರವನ್ನು ಒಮ್ಮೆ ತೆರೆದಿಟ್ಟುಕೊಂಡರೆ ಅರ್ಧ ಮೂರ್ತಿಯ ಗುರುತು ಹಾಕಬಹುದು.

ಎತ್ತರದಷ್ಟೇ ಉದ್ದದ ದಾರವನ್ನು ಮೂರು ಮಡಿಕೆ ಮಾಡಿ, ಮತ್ತೆ ಮೂರು ಮಡಿಕೆ ಮಾಡಿದರೆ ಒಂಬತ್ತು ತಾಳ. ಒಂದು ತಾಳವನ್ನು ಮೂರು ಮಾಡಿ, ಎರಡು ಸಲ ಅರ್ಧ ಮಾಡಿದರೆ ಅಂಗುಲ. ಅಂಗುಲವನ್ನು ಮೂರು ಸಲ ಅರ್ಧ ಮಾಡಿದರೆ ಯವ. ನೂರೆಂಟು ಅಂಗುಲಕ್ಕೆ 864 ಯವ. ಒಡೆದರೆ ಐದು ಎರಡುಗಳು, ಮೂರು ಮೂರುಗಳು. ತಲೆಯಿಂದ ಕಣ್ಣಿನ ಕೊನೆಯ ರೇಖೆಯವರೆಗೆ ಬೇಕಾದದ್ದು ಎರಡು ಮತ್ತು ಮೂರರ ಭಾಗಾಕಾರ ಮಾತ್ರ. ಐದು ಮಡಿಕೆ ಮಾಡುವ ಕಷ್ಟ ದಾರಕ್ಕೂ ಬರುವುದಿಲ್ಲ, ಕೈಗೂ ಬರುವುದಿಲ್ಲ. ಅದೇ ಒಂದು ಮೀಟರಿನ ಮೂರ್ತಿಯನ್ನು ಮಿಲಿಮೀಟರ್ ಟೇಪಿನಲ್ಲಿ ಭಾಗ ಮಾಡಹೊರಟರೆ ಅಂಗುಲ 9.259259… ಎಂದು ಮುಗಿಯದೆ ಸಾಗುತ್ತದೆ. ಸಾವಿರದಲ್ಲಿ ಮೂರು ಇಲ್ಲ, ನೂರೆಂಟರಲ್ಲಿ ಐದು ಇಲ್ಲ, ಕಾರಣ ಅಷ್ಟೇ.

ಬೇರೆ ತಾಳಗಳ ಸಂಖ್ಯೆಗಳಿಗೂ ಅವುಗಳದೇ ಗುಣಗಳಿವೆ. ಗಣಪತಿಗೆ ಹಲವು ಗ್ರಂಥಗಳು ಹೇಳುವ ಪಂಚತಾಳ 60 ಅಂಗುಲ. ಅದಕ್ಕೆ ಹನ್ನೆರಡು ಭಾಜಕಗಳು. ದಶತಾಳದಲ್ಲಿ ಮೂರು ತರ: ಉತ್ತಮಕ್ಕೆ 124, ಮಧ್ಯಮಕ್ಕೆ 120, ಅಧಮಕ್ಕೆ 116. ಶಿಲ್ಪಶಾಸ್ತ್ರ ಉತ್ತಮವೆಂದು ಕರೆದ 124 ಅಂಕಗಣಿತದಲ್ಲಿ ಬಡಪಾಯಿ; ನಾಲ್ಕು ಗುಣಿಸು ಮೂವತ್ತೊಂದು, ಆರೇ ಭಾಜಕಗಳು, ತನ್ನನ್ನು ಬಿಟ್ಟ ಭಾಜಕಗಳ ಮೊತ್ತ ಸರಿಯಾಗಿ ನೂರು. ಹಾಗಾಗಿ ಅದು ನ್ಯೂನ ಸಂಖ್ಯೆ. ಮಧ್ಯಮದ 120ಕ್ಕೆ ಹದಿನಾರು ಭಾಜಕಗಳಿದ್ದು, ತನ್ನನ್ನೂ ಸೇರಿಸಿ ಅವುಗಳ ಮೊತ್ತ 360, ತನ್ನ ಮೂರರಷ್ಟು. ಹೀಗೆ ಮೂರು ಪಟ್ಟಾಗುವ ಸಂಖ್ಯೆಗಳಲ್ಲಿ ಅತಿ ಚಿಕ್ಕದು ಇದೇ.

ಅಳತೆ ಗೊತ್ತಾದ ಮೇಲೆ ಅದು ಶುಭವೋ ಅಲ್ಲವೋ ಎಂದು ನೋಡುವ ಇನ್ನೊಂದು ಲೆಕ್ಕವಿದೆ, ಆಯಾದಿ. ದೇಗುಲಕ್ಕೂ ಮನೆಗೂ ಮೂರ್ತಿಗೂ ಅನ್ವಯಿಸುವ ಈ ಲೆಕ್ಕದಲ್ಲಿ ಭಾಗಲಬ್ಧಕ್ಕೆ ಬೆಲೆ ಇಲ್ಲ, ಶೇಷಕ್ಕೆ ಮಾತ್ರ ಬೆಲೆ. ಗುಣಕ-ಭಾಜಕಗಳು ಗ್ರಂಥದಿಂದ ಗ್ರಂಥಕ್ಕೆ ತುಸು ಬೇರೆಯಾದರೂ ‘ಮಾನಸಾರ’ದ ಕ್ರಮ ಹೀಗಿದೆ: ಎಂಟರಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ ಉಳಿಯುವುದು ಆಯ, ಒಂಬತ್ತರಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ವ್ಯಯ, ಎಂಟರಿಂದ ಗುಣಿಸಿ ಇಪ್ಪತ್ತೇಳರಿಂದ ಭಾಗಿಸಿದರೆ ನಕ್ಷತ್ರ, ಮೂರರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಯೋನಿ, ಒಂಬತ್ತರಿಂದ ಗುಣಿಸಿ ಏಳರಿಂದ ಭಾಗಿಸಿದರೆ ವಾರ, ಒಂಬತ್ತರಿಂದಲೇ ಗುಣಿಸಿ ಮೂವತ್ತರಿಂದ ಭಾಗಿಸಿದರೆ ತಿಥಿ. ಯೋನಿಗಳು ಎಂಟು: ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ. ಬೆಸ ಬಂದರೆ ಒಳ್ಳೆಯದು. ಅಳತೆ 108 ಅಂಗುಲವಾದರೆ 324ನ್ನು ಎಂಟರಿಂದ ಭಾಗಿಸಿ ಉಳಿದದ್ದು 4, ಶ್ವಾನ. ಒಂದು ಅಂಗುಲ ಹೆಚ್ಚಿಸಿದರೆ ಗಜ, ಒಂದು ತಗ್ಗಿಸಿದರೆ ಧ್ವಜ. ಮೂರಕ್ಕೂ ಎಂಟಕ್ಕೂ ಸಾಮಾನ್ಯ ಭಾಜಕವಿಲ್ಲದ್ದರಿಂದ ಅಂಗುಲ ಅಂಗುಲವಾಗಿ ಹೆಚ್ಚಿಸುತ್ತ ಹೋದರೆ ಎಂಟು ಹೆಜ್ಜೆಯಲ್ಲಿ ಎಂಟು ಯೋನಿಗಳೂ ಬಂದೇ ಬರುತ್ತವೆ. ಇಪ್ಪತ್ತೇಳು ಹೆಜ್ಜೆಯಲ್ಲಿ ಇಪ್ಪತ್ತೇಳು ನಕ್ಷತ್ರಗಳೂ ಹಾಗೆಯೇ. ತಿಥಿ ಮಾತ್ರ ಹಾಗಲ್ಲ. ಒಂಬತ್ತಕ್ಕೂ ಮೂವತ್ತಕ್ಕೂ ಮೂರು ಸಾಮಾನ್ಯವಾದ್ದರಿಂದ ತದಿಗೆ, ಷಷ್ಠಿ, ನವಮಿ ಎಂದು ಮೂರಕ್ಕೊಂದು ತಿಥಿ ಬರುತ್ತದೆ. ಪಾಡ್ಯ, ಬಿದಿಗೆ, ಪಂಚಮಿ, ಏಕಾದಶಿ ಯಾವ ಅಳತೆಗೂ ಬರುವುದಿಲ್ಲ. ಆಯಕ್ಕೂ ಹನ್ನೆರಡರಲ್ಲಿ ಮೂರೇ ಬೆಲೆಗಳು.

ಆಯಾದಿ ಅಳತೆಗೆ ಹೇಳಿದ ಲೆಕ್ಕ, ಎಣಿಕೆಗಲ್ಲ. ಆದರೂ ಕುತೂಹಲಕ್ಕೆ ಕೋಟಿಯ ಜಾತಕ ಬರೆದು ನೋಡಬಹುದು. ನಕ್ಷತ್ರದ ಶೇಷ 26, ಉತ್ತರಾಭಾದ್ರ. ವಾರದ್ದು 6, ಶುಕ್ರವಾರ. ಯೋನಿ ಮತ್ತು ತಿಥಿಯಲ್ಲಿ ಶೇಷ ಸೊನ್ನೆ. ಸೊನ್ನೆಯನ್ನು ಕೊನೆಯದೆಂದು ಹಿಡಿದರೆ ಕಾಗೆಯೂ ಅಮಾವಾಸ್ಯೆಯೂ ಒಟ್ಟಿಗೆ ಬಂದು ಕೂರುತ್ತವೆ. ಮುಯ್ಯಿ ಮಾಡುವಾಗ ನೂರರ ಮೇಲೊಂದು ರೂಪಾಯಿ ಇಡುವ ಪದ್ಧತಿಯಂತೆ ಕೋಟಿಗೂ ಒಂದು ಸೇರಿಸಿದರೆ ಚಿತ್ರವೇ ಬದಲಾಗುತ್ತದೆ. 1,00,00,001ಕ್ಕೆ ಸಿಂಹ ಯೋನಿ, ಭಾನುವಾರ, ಪುನರ್ವಸು ನಕ್ಷತ್ರ, ಶುದ್ಧ ನವಮಿ; ರಾಮ ಹುಟ್ಟಿದ ತಿಥಿ-ನಕ್ಷತ್ರಗಳೇ. ಆದರೆ ಭಾಜಕಗಳ ಲೆಕ್ಕದಲ್ಲಿ ಅದಕ್ಕೆ ಇರುವುದು ನಾಲ್ಕೇ: 1, 11, 9,09,091 ಮತ್ತು ತಾನು. ಶೇಷ ಹೊಗಳಿದ್ದನ್ನು ಭಾಗಾಕಾರ ಹೊಗಳಲೇಬೇಕೆಂದೇನಿಲ್ಲ.

ಆರೂ ಶೇಷಗಳು ಒಟ್ಟಿಗೆ ಮರಳಿ ಬರುವುದು ಯಾವಾಗ? ಆಯ 3 ಅಂಗುಲಕ್ಕೊಮ್ಮೆ, ವ್ಯಯ ಮತ್ತು ತಿಥಿ 10ಕ್ಕೊಮ್ಮೆ, ನಕ್ಷತ್ರ 27ಕ್ಕೊಮ್ಮೆ, ಯೋನಿ 8ಕ್ಕೊಮ್ಮೆ, ವಾರ 7ಕ್ಕೊಮ್ಮೆ ಮರಳುತ್ತವೆ. ಇವುಗಳ ಲ.ಸಾ.ಅ. 7,560. ಅಷ್ಟು ಅಂಗುಲವಾದ ಮೇಲೆ ಪಂಚಾಂಗ ಮೊದಲಿನಿಂದ ಶುರು. ಈ ಲೆಕ್ಕಕ್ಕೆ ಕೋಟಿಯೂ ಒಂದೇ, ಅದನ್ನು 7,560ರಿಂದ ಭಾಗಿಸಿದಾಗ ಉಳಿಯುವ 5,680ವೂ ಒಂದೇ. ಕಾಗದದ ಮೇಲೆ ಆರು ಶೇಷಗಳ 54,43,200 ಹೊಂದಾಣಿಕೆಗಳನ್ನು ಊಹಿಸಬಹುದಾದರೂ ನಿಜವಾಗಿ ಬರುವವು 7,560 ಮಾತ್ರ, 720ಕ್ಕೆ ಒಂದು. ಎಲ್ಲವೂ ಶುಭವಾದ ಅಳತೆ ಹುಡುಕುವ ಸ್ಥಪತಿಗಳು ಅಂಗುಲ, ಯವಗಳಲ್ಲಿ ಜಗ್ಗಾಡಬೇಕಾದದ್ದು ಈ ಕಾರಣಕ್ಕೆ.

7,560 ಸಾಧಾರಣ ಸಂಖ್ಯೆಯಲ್ಲ. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ತನ್ನಷ್ಟು ಭಾಜಕಗಳಿಲ್ಲದ ಸಂಖ್ಯೆಗಳನ್ನು ಶ್ರೀನಿವಾಸ ರಾಮಾನುಜನ್ 1915ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಳವಾಗಿ ಅಭ್ಯಾಸ ಮಾಡಿದರು. ಅತಿಸಂಯುಕ್ತವೆಂದು ಕರೆಯಬಹುದಾದ ಆ ಪಂಕ್ತಿಯಲ್ಲಿ 7,560 ಕೂತಿದೆ. ಒಡೆದರೆ 2³ × 3³ × 5 × 7. ಭಾಜಕಗಳು ನಾಲ್ಕು ಗುಣಿಸು ನಾಲ್ಕು ಗುಣಿಸು ಎರಡು ಗುಣಿಸು ಎರಡು, ಅಂದರೆ 64. ಕೋಟಿಯಷ್ಟು ದೂರ ನಡೆದು ಪಡೆದ ಭಾಜಕಗಳು ಇಲ್ಲಿ ಏಳೂವರೆ ಸಾವಿರದಲ್ಲೇ ಸಿಗುತ್ತವೆ. ಎರಡೂ ಐದೂ ಎಷ್ಟೇ ಸಲ ಮರುಕಳಿಸಿದರೂ ಸಂಖ್ಯೆ ಬೆಳೆಯುವಷ್ಟು ವೇಗದಲ್ಲಿ ಭಾಜಕಗಳು ಬೆಳೆಯುವುದಿಲ್ಲ. ಮೂರು, ಏಳು, ಹನ್ನೊಂದರಂಥ ಹೊಸ ಅವಿಭಾಜ್ಯವೊಂದು ಒಳಗೆ ಬಂದರೆ ಒಂದೇ ಏಟಿಗೆ ಇಮ್ಮಡಿಯಾಗುತ್ತವೆ.

ಕೋಟಿಯೊಳಗಿನ ಸಂಖ್ಯೆಗಳಲ್ಲಿ ಅತಿ ಹೆಚ್ಚು ಭಾಜಕಗಳಿರುವುದು 86,48,640ಕ್ಕೆ. ಒಡೆದರೆ 2⁶ × 3³ × 5 × 7 × 11 × 13; ಭಾಜಕಗಳು 448. ಅಷ್ಟು ಲಿಂಗಗಳನ್ನು ಕೋಟಿಯ 32 ಬಗೆಯ ಬದಲು 224 ಬಗೆಯ ಆಯತಗಳಲ್ಲಿ ಕೂರಿಸಬಹುದು. ಸಾಲಿಗೆ ನೂರೆಂಟರಂತೆ ಕೂರಿಸಿದರೆ 80,080 ಸಾಲುಗಳಾಗಿ ಒಂದೂ ಉಳಿಯುವುದಿಲ್ಲ. ಆ ಸಂಖ್ಯೆ 864ರ 10,010 ಪಟ್ಟು: ಹತ್ತು ಸಾವಿರದ ಹತ್ತು ನವತಾಳ ಮೂರ್ತಿಗಳ ಯವಗಳ ಲೆಕ್ಕ.